ಒತ್ತಿಗೆ ನಾಲ್ಕಾಣೆ

ಅಕ್ಷರಕ್ಕೆ ನಾಲ್ಕಾಣೆ. ಒತ್ತಿಗೆ ಬೇರೆ. ಇಸವಿ ಪುಕ್ಕಟೆ.
ಗಾಂಧಿ ಬಜಾರಿನ ಪಾತ್ರೆಯಂಗಡಿ ಮೆಟ್ಟಿಲ ಮೇಲೆ
ಇಪ್ಪತ್ತೊಂಬತ್ತು ವರ್ಷ ಕೂತು
ಝುಂಯ್ಯೆನ್ನುವ ಸೂಜಿಯಲ್ಲಿ ಬರೆದಿದ್ದೇನೆ
ಶಿವಮೊಗ್ಗದ ಅರ್ಧ ಅಡುಗೆಮನೆ.

ಮದುವೆ, ಸೀಮಂತ, ವೈಕುಂಠ ಸಮಾರಾಧನೆ,
ಯಾವುದಕ್ಕಾದರೂ ನಾನು ಕೇಳುವುದೊಂದೇ:
ಯಾರ ಹೆಸರು? ಯಾರ ನೆನಪಿಗೆ?
ಅಣ್ಣತಮ್ಮಂದಿರು ಅಲ್ಲೇ ಜಗಳಕ್ಕೆ ಬಿದ್ದು
ಲೋಟ ಬಿಟ್ಟು ಹೋದದ್ದೂ ಉಂಟು.

ಈಗ ಸೂಜಿ ಡಬ್ಬಿಯಲ್ಲಿದೆ. ಕೈ ನಡುಗುತ್ತದೆ.
ಅಂಗಡಿಯವರು ಸ್ಟಿಕ್ಕರ್ ಅಂಟಿಸಿ ಕೊಡುತ್ತಾರೆ.

ಕೋಟೆ ರಸ್ತೆಯ ಗೋದಾಮಿನಲ್ಲಿ ಏನೋ ಶಿಲ್ಪವಂತೆ, ಬಾ ಅಜ್ಜ,
ಅಂತ ಎಳೆದುಕೊಂಡು ಹೋದಳು ಮೊಮ್ಮಗಳು.
ಗುಜರಿಯಿಂದ ಕಿಲೋ ಲೆಕ್ಕದಲ್ಲಿ ತಂದದ್ದು:
ಡಬರಿ, ಜಾಲರಿ, ತುಟಿ ಸೀಳಿದ ಲೋಟ,
ಹಿಡಿಯಿಲ್ಲದ ಕುಕ್ಕರು, ಕಡುಬಿನ ಅಟ್ಟ,
ಒಂದಕ್ಕೊಂದು ಬೆಸೆದು ಎರಡಾಳೆತ್ತರ.
ಆನೆ, ಅಂದರು ಸಕ್ರೆಬೈಲಿನ ಕಡೆಯವರು.
ಗುಡ್ಡ, ಅಂದರೊಬ್ಬರು ಲೆಕ್ಚರರು.
ತೊಳೆಯದೆ ಬಿಟ್ಟ ರಾಶಿ, ಅಂದಳು ಇವಳು.

ನನಗೆ ಆಕಾರ ಕಾಣಲಿಲ್ಲ.
ಕಂಡದ್ದು ಕೈಬರಹ.
ಬಾಲ ಉದ್ದವಾದ ಆ 'ಶ್ರೀ' ನನ್ನದೇ.
'ರಿಪ್ಪನ್‌ಪೇಟೆ ಗೆಳೆಯರಿಂದ' ತಲೆಕೆಳಗಾಗಿ ನೇತಾಡುತ್ತಿತ್ತು.
ವಧು ಒಂದು ತಟ್ಟೆಯಲ್ಲಿ, ವರ ಆರು ಅಡಿ ಆಚೆ.

ಮೊಣಕಾಲೂರಿ, ಮೊಬೈಲಿನ ಬೆಳಕು ಬಿಟ್ಟು ಬಗ್ಗಿದರೆ
ಹೊಟ್ಟೆಯ ಆಳದಲ್ಲೊಂದು ತಂಬಿಗೆ:
ಸಣಮ.

ಸಣ್ಣಮ್ಮ ಅವಳು. ಗಾಜನೂರು ನಾಲೆಯ ಕೂಲಿ.
ಸೆರಗಿನ ಗಂಟಿನಲ್ಲಿ ಮುಕ್ಕಾಲು ರೂಪಾಯಿ.
ಒತ್ತು ಸೇರಿದರೆ ಐದಾಗ್ತದಮ್ಮ, ಅಂದೆ.
ಒತ್ತು ಬಿಟ್ಹಾಕು, ನಂಗೇನು ಓದಕ್ಕೆ ಬರ್ತದಾ, ಅಂದಳು.
ಬಿಟ್ಟೆ.
ಬಸ್ಸು ಹತ್ತುವಾಗಲೂ ತಂಬಿಗೆ ತಿರುಗಿಸಿ ತಿರುಗಿಸಿ
ಬಿಸಿಲಿಗೆ ಹಿಡಿಯುತ್ತಿದ್ದಳು.
ಆ ದಿನ ನನ್ನ ಜೇಬಿನಲ್ಲಿ ಬೀಡಿಗೆ ದುಡ್ಡಿತ್ತು.

ಕೈ ಚಾಚಿದೆ. ಮುಟ್ಟಬಾರದು, ಅಂದ ಕಾವಲಿನ ಹುಡುಗ.
ಮುಟ್ಟಬಾರದಂತೆ! ಅದರ ಮೈಯೆಲ್ಲ ನಾನು ಚುಚ್ಚಿದ್ದು.

ಮಾಡಿದಾಕೆ ಬಂದಳು. ನೀಲಾಂಬಿಕೆ, ಶಿಕಾರಿಪುರದವಳು,
ಬೆರಳ ತುಂಬ ಬೆಸುಗೆಯ ಕಲೆ.
ಇದರೊಳಗೆ ನನ್ನದೊಂದು ಸಾಲ ಇದೆ, ಅಂದೆ.
ಎಷ್ಟು? ಅಂದಳು.
ಎಂಟಾಣೆ.
ನಗಲಿಲ್ಲ. ಹುಡುಗನನ್ನು ಚಹಾ ತರಲು ಕಳಿಸಿದಳು.

ಮರುದಿನ ಡಬ್ಬಿ ಬಿಚ್ಚಿದೆ.
ಎಡಗೈಯಿಂದ ಬಲಗೈ ಹಿಡಿದು, ತೂರಿ, ಸೂಜಿ ಇಟ್ಟೆ.
ಝುಂಯ್ ಅಂದದ್ದೇ
ತಂಬಿಗೆಯಿಂದ ತಟ್ಟೆಗೆ, ತಟ್ಟೆಯಿಂದ ಸೌಟಿಗೆ,
ಗೆಳೆಯರಿಗೆ, ವಧುವಿಗೆ, ಆರು ಅಡಿ ಆಚೆಯ ವರನಿಗೆ
ನಡುಕ ಹತ್ತಿ
ಗೋದಾಮೆಲ್ಲ ಗುಂಯ್ಗುಟ್ಟಿತು.

'ಣ'ದ ಕೆಳಗೆ ಒತ್ತು ಕೂತಿತು, ಸ್ವಲ್ಪ ವಾರೆ.
'ಮ'ದ ಹತ್ತಿರ ಕುಕ್ಕರಿನ ಕಿವಿ ಅಡ್ಡ.
ಎಷ್ಟು ತೂರಿದರೂ ಕೈ ಹೋಗಲಿಲ್ಲ.

ಸಣ್ಣಮ.
ಇನ್ನೂ ನಾಲ್ಕಾಣೆ ಬಾಕಿ.