ಏಳನೇ ನಂಬರು

ಅಕ್ಟೋಬರಿನ ಮೊದಲ ಗುರುವಾರ ಟಿಬಿಲಿಸಿಯಿಂದ ಪೆಟ್ಟಿಗೆ ಬಂತು.
ಹನ್ನೆರಡು ಸೀಸೆ, ಒಂದೊಂದೂ ಹೆಬ್ಬೆರಳಿನಷ್ಟು,
ಹತ್ತಿಯೊಳಗೆ ಕಣ್ಣು ಬಿಡದ ಮರಿಗಳ ಹಾಗೆ.
ನೆತ್ತಿಯ ಮೇಲೆ ನಂಬರು, ತಳದಲ್ಲಿ ಹೆಸರು:
ಸುಟ್ಟ ಇಟ್ಟಿಗೆ, ಪಾಚಿಗಲ್ಲು, ದ್ರಾಕ್ಷಿ ತುಳಿದ ಪಾದ,
ಏಳನೆಯದು, ಕಾಡಿನ ಮೌನ.
ಇಂಥ ಹೆಸರು ಇಡುವವರು ಎಲ್ಲೋ ಕೂತಿರುತ್ತಾರೆ,
ಕೈ ತೊಳೆದುಕೊಂಡು.

ಕುತಾಯಿಸಿಯ ಸಂತೆಕಟ್ಟೆಯ ಹಿಂದೆ, ಮೆಟ್ಟಿಲ ಅಡಿಯಲ್ಲಿ ನನ್ನ ಅಂಗಡಿ.
ಒಂದು ಮೇಜು, ಬಗ್ಗಿದ ಕತ್ತಿನ ದೀಪ, ಎರಡು ಕುರ್ಚಿ;
ಮೂರನೆಯವಳು ಬಂದರೆ ಮಳೆಯಲ್ಲಿ ನಿಲ್ಲಬೇಕು.
ಹೊಸ ಬಣ್ಣ ಮೊದಲು ನನ್ನ ಎಡಗೈಗೆ.
ಕಿರುಬೆರಳಿಗೆ ಇಟ್ಟಿಗೆ, ಉಂಗುರದ ಬೆರಳಿಗೆ ದ್ರಾಕ್ಷಿ,
ಹೀಗೆ ಹೆಬ್ಬೆರಳಿನ ಮೌನದವರೆಗೆ.
ಎಡಗೈ ಅಂಗಡಿಯ ಬೋರ್ಡು.
ಬಲಗೈ ಬರೀ ಕೈ, ಕೆಲಸ ಮಾಡುತ್ತದೆ.

ಟೀಚರ್ ತ್ಸಿಯೂರಿಗೆ, ಬಣ್ಣ ಇರಬೇಕು
ಆದರೆ ಹೆಡ್ಮಾಸ್ತರರಿಗೆ ಕಾಣಬಾರದು.
ರೊಟ್ಟಿ ಒಲೆಯ ಮಾವನಾಳು ಎಲ್ಲ ಸೀಸೆಯನ್ನೂ ಬೆಳಕಿಗೆ ಹಿಡಿದು,
ಎರಡು ಸಲ ಎರಡನೆಯದನ್ನು ಮುಟ್ಟಿ,
'ಉಗುರೇ ಸುಟ್ಟಿದೆ, ಬಿಡು' ಎಂದು ಎದ್ದು ಹೋದಳು.
ಅವಳು ಹೋದ ಮೇಲೂ ಕುರ್ಚಿಯಲ್ಲಿ ರೊಟ್ಟಿಯ ವಾಸನೆ.

ಶುಕ್ರವಾರ ಸಂಜೆ ಅತ್ತೆ ಬಂದಳು, ಲಮ್ಜಿರಾ.
ಎರಡೂ ಕೈ ಏಪ್ರನ್ನಿನ ಜೇಬಿನಲ್ಲಿ, ಕದ್ದವಳ ಹಾಗೆ.
ಭಾನುವಾರ ಜೆಸ್ತಾಫೋನಿಯಲ್ಲಿ ತಮ್ಮನ ಮೊಮ್ಮಗಳ ಮದುವೆ;
ಮೂರು ವಾರದಿಂದ ಹಿತ್ತಲಲ್ಲಿ ಕೂತು ಅಕ್ರೋಟಿನ ಹಸಿ ಸಿಪ್ಪೆ ಸುಲಿದಿದ್ದಾಳೆ.
ನಿಂಬೆ ಉಜ್ಜಿದಳಂತೆ, ಉಪ್ಪು, ಬೂದಿ, ಕೊನೆಗೆ ಸೀಮೆಎಣ್ಣೆ.
ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅನ್ನುತ್ತಾರೆ,
ಇದು ಕೊಡಲಿಗೂ ಹೋಗದ ಕಪ್ಪು.

ಉಗುರುಬೆಚ್ಚಗಿನ ನೀರಿನ ಬೋಗುಣಿಗೆ ಅವಳ ಕೈ ಇಳಿಸಿದೆ.
ಹನ್ನೊಂದು ವರ್ಷ ಒಂದೇ ಅಡುಗೆಮನೆ,
ಉಪ್ಪಿನ ಡಬ್ಬಿ ಸಾವಿರ ಸಲ ಕೈಯಿಂದ ಕೈಗೆ ದಾಟಿದೆ.
ಕೈ ಹಿಡಿದದ್ದು ಇದೇ ಮೊದಲು.
ನಾನು ಅಂದುಕೊಂಡದ್ದಕ್ಕಿಂತ ಹಗುರ.
ತೋರುಬೆರಳ ಉಗುರು ನಡುವೆ ಸೀಳಿ ಕೂಡಿಕೊಂಡಿತ್ತು,
ಯಾವ ಬಾಗಿಲು, ಯಾವ ವರ್ಷ,
ಕೇಳಲಿಲ್ಲ.

ಕಪ್ಪನ್ನು ಮುಚ್ಚಲು ಏಳನೇ ನಂಬರು ತೆಗೆದೆ.
ಒಂದು ಪದರ. ಆರಲಿ ಎಂದು ಊದಿದೆ. ಇನ್ನೊಂದು ಪದರ.
ಉಗುರು ಮಾಯ!
ಎಲ್ಲಿ ಬೆರಳು ಮುಗಿದು ಎಲ್ಲಿ ಬಣ್ಣ ಶುರು,
ದೀಪ ಬಗ್ಗಿಸಿದರೂ ತಿಳಿಯದು.
'ಇದಕ್ಕೆ ಎಷ್ಟು ತಗೋತೀಯ?'
'ಇಪ್ಪತ್ತೈದು ಲರಿ.'
ಲಮ್ಜಿರಾ ನಕ್ಕಳು, ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ,
ಬೋಗುಣಿಯ ನೀರು ನನ್ನ ಮಡಿಲಿಗೆ ಚೆಲ್ಲುವ ತನಕ.
'ನಾನು ಪುಕ್ಕಟೆ ಹಚ್ಚಿಕೊಂಡಿದ್ದೀನಲ್ಲೇ!'

ಒರೆಸು ಅಂದಳು. ಒರೆಸಿದೆ.
ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು
ಯಾರೂ ಕೊಳ್ಳದ ಹನ್ನೊಂದನೆಯದನ್ನು ಎತ್ತಿದಳು:
ನೀಲಿ, ಸ್ಟವ್ವಿನ ಜ್ವಾಲೆಯ ಬುಡದ ನೀಲಿ.
'ಮದುವೆಗಾ?' ಅಂದೆ.
'ನೋಡಬೇಕಾದವರು ನೀಲಿ ನೋಡಲಿ,' ಅಂದಳು,
'ಕಪ್ಪನ್ನು ಯಾರು ಕೇಳ್ತಾರೆ.'

ಹತ್ತು ಬೆರಳನ್ನೂ ಅಗಲಿಸಿಕೊಂಡು, ಯಾವುದನ್ನೂ ಮುಟ್ಟದೆ,
ಮೊಣಕೈಯಿಂದ ಬಾಗಿಲು ತಳ್ಳಿ ಹೊರಟಳು.
ದುಡ್ಡು ಕೊಡಲಿಲ್ಲ.
ರಾತ್ರಿ ಮನೆಗೆ ಹೋದರೆ ನನ್ನ ಕುರ್ಚಿಯ ಮೇಲೆ ಒಂದು ಮೂಟೆ,
ಸಿಪ್ಪೆ ಬಿಡಿಸದ ಹಸಿ ಅಕ್ರೋಟು.
ಅತ್ತೆ ಕಿಟಕಿಯ ಬಳಿ ಬೆರಳು ಆರಿಸಿಕೊಳ್ಳುತ್ತಿದ್ದಳು,
ಯಾವಾಗಲೋ ಆರಿಹೋಗಿದ್ದ ಬೆರಳುಗಳನ್ನು.
ಎಡಗೈ ಬೋರ್ಡನ್ನು ಬೆನ್ನ ಹಿಂದೆ ಕಟ್ಟಿ
ಬರೀ ಬಲಗೈಯಲ್ಲಿ ಸುಲಿಯಲಾದೀತೆ?
ಅರ್ಧ ಮೂಟೆ ಆಗುವಷ್ಟರಲ್ಲಿ ಎರಡೂ ಒಂದೇ.

ಸೋಮವಾರ ಯಾರೋ ಹೊಸ ಹುಡುಗಿ, ರೈಲಿನ ಅವಸರ,
ಐದು ಬಣ್ಣದ ಎಡಗೈಯನ್ನು ದಾಟಿ
ನನ್ನ ಬಲಗೈಯನ್ನು ದೀಪದಡಿಗೆ ಎಳೆದುಕೊಂಡು ಕೇಳಿದಳು:
'ಇದು ಯಾವ ನಂಬರು?'

ಮುಗಿದುಹೋಯಿತು ಅಂದೆ.
ಮುಂದಿನ ಅಕ್ಟೋಬರಿಗೆ ಬಾ.