ತಗಡಿನ ಒಂದು

ಮೈದಾನ ಹಿಡಿಯುತ್ತಿದ್ದುದು ಎರಡು ಸಾವಿರ ಜನ.
ಆ ಆಟ ಕಣ್ಣಾರೆ ಕಂಡೆನೆಂದು ಆಣೆಯಿಡುವವರು
ಊರಿಗಾಂನಲ್ಲೇ ಹತ್ತು ಸಾವಿರ,
ಮಾರಿಕುಪ್ಪಂ ಸೇರಿಸಿದರೆ ಲೆಕ್ಕ ತಪ್ಪುತ್ತದೆ.
ಆಗಿನ್ನೂ ಹುಟ್ಟದವರೂ ನೋಡಿದ್ದಾರೆ,
ಬೇಲಿ ಪಕ್ಕದ ಜಾಲಿಮರದ ಮೇಲಿಂದ.

ನಾನು ನೋಡಲಿಲ್ಲ. ಅಲ್ಲೇ ಇದ್ದೆ.
ಸ್ಕೋರ್ ಹಲಗೆಯ ಹಿಂದೆ ಕೂತು
ಅಪ್ಪ ಕೇಳಿದ ತಗಡಿನ ಅಂಕಿ ಎತ್ತಿಕೊಡುವುದು ನನ್ನ ಕೆಲಸ.
ಆಟ ನನಗೆ ಬರೀ ಸದ್ದು:
ಚೆಂಡಿಗೆ ಕೋಲು, ಜಲ್ಲಿಗೆ ಚೆಂಡು,
ಅಷ್ಟೂ ಜನ ಒಟ್ಟಿಗೆ ಉಸಿರು ಹಿಡಿದದ್ದು, ಬಿಟ್ಟದ್ದು.

ಯಾವ ದೇಶದವರು ಅಂತ ಕೇಳಬೇಡಿ.
ಚೌಡಪ್ಪನಿಗೆ ಹಾಲೆಂಡ್, ಅವನ ತಮ್ಮನಿಗೆ ಪೋಲೆಂಡ್,
ಇಬ್ಬರಿಗೂ ಮಾತು ಬಿಟ್ಟು ಎಂಟು ವರ್ಷ.
ಹಲಗೆಯ ತೂತಿನಿಂದ ನನಗೆ ಕಂಡದ್ದು
ಇಸ್ತ್ರಿ ಹಾಕಿದ ಕಿತ್ತಳೆ ಅಂಗಿ,
ಬಿಸಿಲಿಗೆ ಬೆಂದ ಬಿಳಿ ಮೊಣಕಾಲು.
ಮದರಾಸಿನಲ್ಲಿ ಗೆದ್ದು ಬೆಂಗಳೂರಿಗೆ ಹೊರಟವರು
ಬೌರಿಂಗ್‌ಪೇಟೆಯಲ್ಲಿ ರೈಲು ಬದಲಿಸಿ
ಕೈಕಾಲು ಆಡಿಸಲೆಂದು ಬಂದಿದ್ದರು.

ನಮ್ಮವರು ರಾತ್ರಿ ಪಾಳಿ ಮುಗಿಸಿ
ಬೆಳಿಗ್ಗೆ ಆರಕ್ಕೆ ಭೂಮಿಯಿಂದ ಮೇಲೆ ಬಂದವರು.
ಗೋಲಿಗೆ ಪಿಳ್ಳಪ್ಪ, ಟಿಂಬರ್ ಮೇಸ್ತ್ರಿ.
ನಡುವೆ ವೈಂಡಿಂಗ್ ಎಂಜಿನ್ನಿನ ಡೆನ್ಜಿಲ್.
ಎಡಕ್ಕೆ ಏಳುಮಲೈ, ಡ್ರಿಲ್ಲರ್, ಬಲಗಿವಿ ಕೇಳದು.
ಹನ್ನೊಂದು ಜನಕ್ಕೆ ಏಳು ಜೊತೆ ಬೂಟು.

ಮೊದಲ ಸಲ ಗೆಲ್ಲಿಸಿದ್ದು ನೆಲ, ಸುಳ್ಳೇಕೆ ಹೇಳಲಿ.
ಹುಲ್ಲಿನ ಮೇಲೆ ಬೆಳೆದವರಿಗೆ ನಮ್ಮ ಕಲ್ಲುಪುಡಿ ಹೊಸದು.
ಚೆಂಡು ಎಲ್ಲಿ ಪುಟಿದು ಎತ್ತ ತಿರುಗುತ್ತದೆಂದು
ಏಳುಮಲೈಗೆ ಗೊತ್ತು;
ಆ ಮೈದಾನಕ್ಕೆ ಮಣ್ಣು ಹೊತ್ತು ಸುರಿದವನು ಅವನಪ್ಪ.
ಎರಡು – ಒಂದು.
ಕ್ಷೌರದ ಮುನಿಶಾಮಿ ಭಾನುವಾರದವರೆಗೆ
ಹನ್ನೊಂದು ಗಡ್ಡ ಬಿಟ್ಟಿಯಾಗಿ ಕೆರೆದ.
ದೊರೆಗಳ ಕ್ಲಬ್ಬಿನವರು ಚಹಾಕ್ಕೆ ಕರೆದರು,
ವರಾಂಡದವರೆಗೆ.

ನಾಲ್ಕು ವರ್ಷ ಬಿಟ್ಟು ಮತ್ತೆ ಬಂದರು, ಸೇಡಿಗೆ.
ಈ ಸಲ ಜಲ್ಲಿಯ ಮೇಲೆ ಆಡಿ ಕಲಿತು ಬಂದಿದ್ದರು.
ಸೊನ್ನೆ – ಸೊನ್ನೆ. ಮುಗಿಯಲು ಐದೋ ಆರೋ ನಿಮಿಷ.
ಆಗ ನೆಲ ನಡುಗಿತು.

ಏರ್‌ಬ್ಲಾಸ್ಟ್.
ನಮಗದು ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದಷ್ಟೆ,
ತೊಟ್ಟಿಲ ಮಗುವೂ ಮಗ್ಗುಲು ಬದಲಿಸದು.
ಕಿತ್ತಳೆ ಅಂಗಿಗಳೆಲ್ಲ ನಿಂತಲ್ಲೇ ನಿಂತವು.
ಒಬ್ಬ ಕೋಲು ಬಿಸಾಕಿ ನೆಲಕ್ಕೆ ಅಂಗೈ ಊರಿದನಂತೆ.
ಏಳುಮಲೈ ನಿಲ್ಲಲಿಲ್ಲ,
ಕೇಳಿಸಲಿಲ್ಲವೋ, ಕೇಳಿ ಕೇಳಿ ಸಾಕಾಗಿತ್ತೋ.
ಗೋಲಿನ ಹಲಗೆಗೆ ಚೆಂಡು ಬಡಿದದ್ದು
ಆ ಗುಡುಗಿನ ಬಾಲದಲ್ಲೇ ಸೇರಿಹೋಯಿತು.

‘ಒಂದು ಕೊಡಮ್ಮ’ ಅಂದ ಅಪ್ಪ.
ಕೊಟ್ಟೆ. ಮೊಳೆಗೆ ಸಿಕ್ಕಿಸಿದ.
ಸಿಕ್ಕಿಸಿದ ಕೈ ಅಲ್ಲೇ ಉಳಿಯಿತು.

ಅಪ್ಪ ಲ್ಯಾಂಪ್ ರೂಮಿನವ.
ಅಲ್ಲೂ ಇಂಥದೇ ಹಲಗೆ, ಇಂಥವೇ ಮೊಳೆ:
ಇಳಿದವನ ಹಿತ್ತಾಳೆ ಬಿಲ್ಲೆ ಸಿಕ್ಕಿಸಬೇಕು,
ಹತ್ತಿ ಬಂದವನದು ತೆಗೆದುಕೊಡಬೇಕು.
ಜನ ಕುಣಿಯುತ್ತಿದ್ದರು.
ಅಪ್ಪ ಮೈದಾನಕ್ಕೆ ಅಡ್ಡಲಾಗಿ ಓಡಿದ,
ಅಂಪೈರ್ ಸೀಟಿ ಊದುತ್ತಲೇ ಇದ್ದ.
ಉಳಿದ ಆಟಕ್ಕೆ ಹಲಗೆಯ ಯಜಮಾನಿ ನಾನೇ.
ಯಾರೂ ಅಂಕಿ ಕೇಳಲಿಲ್ಲ.

ಸಂಜೆ ಮೂರು ಬಿಲ್ಲೆ ಮೊಳೆಯಲ್ಲೇ ಇದ್ದವು.
ಅದರಲ್ಲೊಂದು, ಆರುನೂರ ಹದಿನಾಲ್ಕು,
ಏಳುಮಲೈ ಬದಲಿಗೆ ಹಗಲು ಪಾಳಿಗೆ ಇಳಿದವನದು.

ಜಾಲಿಮರದವರು ಯಾರೂ ಇಲ್ಲಿಯವರೆಗೆ ಬರುವುದಿಲ್ಲ.
ಮರುದಿನ ರೈಲು ಬಿಟ್ಟು
ಆ ಹುಡುಗರು ಗೋರಿಗಳ ಹಿಂದೆ ಸಾಲಾಗಿ ನಿಂತದ್ದು,
ಅವರ ಕ್ಯಾಪ್ಟನ್ ಬೂಟು ಬಿಚ್ಚಿದ್ದು,
ಯಾರು ಹೇಳಿಕೊಟ್ಟರೋ, ಇದನ್ನೂ ಹೇಳುವುದಿಲ್ಲ.
ಏಳುಮಲೈಯನ್ನು ಕೇಳಿದರೆ
ಕೊನೆಯವರೆಗೂ ಮೊದಲ ಆಟದ ಕತೆಯನ್ನೇ ಹೇಳಿದ.

ಆ ಒಂದು ನನ್ನ ಹತ್ತಿರವೇ ಇದೆ.
ಕಿಟಕಿ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದೇನೆ.
ಗಣಿಗೆ ನೀರು ತುಂಬಿತು, ನೆಲ ಈಗ ಅಷ್ಟಾಗಿ ನಡುಗುವುದಿಲ್ಲ,
ಬಡಿಯುವುದು ಬರೀ ಗಾಳಿಗೆ.
ಆದರೂ ರಾತ್ರಿ ಸದ್ದಾದರೆ
ಎದ್ದು ಕೂತು ಎಣಿಸುತ್ತೇನೆ,
ಮನೆಯಲ್ಲಿ ಎಷ್ಟು ಜನ ಮಲಗಿದ್ದಾರೆಂದು.