ಇವತ್ತು ರಜೆ

ಅದಿರಿನ ಧೂಳು ವಾಸ್ಕೋದಲ್ಲಿ ಎಲ್ಲಕ್ಕೂ ನುಗ್ಗುತ್ತದೆ,
ಅನ್ನಕ್ಕೆ, ಕಿವಿಗೆ, ಎರ್ಮೆಲಿಂದಾ ಬಾಯಿಯ ವಿಸಿಆರಿಗೆ.
ಹೆಡ್ಡು ಒರೆಸಲು ಹೋದವನು ನಾನು, ಒಂದು ಗುರುವಾರ,
ಸ್ಪಿರಿಟ್ಟು, ಹತ್ತಿ, ಸ್ಕ್ರೂಡ್ರೈವರು ಹಿಡಿದು.
ಸರಿಯಾಯಿತೋ ಇಲ್ಲವೋ ನೋಡಿ ಹೋಗು ಎಂದಳು.
ಹನ್ನೊಂದು ವರ್ಷವಾಯಿತು, ಇನ್ನೂ ನೋಡುತ್ತಿದ್ದೇನೆ.

ಗಂಡ ತಾರ್ವಟಿ, ಹಡಗಿನಲ್ಲಿ ಅಡುಗೆಯವನು.
ವೆರಾಕ್ರೂಸ್ ಬಂದರಿನಿಂದ ಅತ್ತರು ತರಲಿಲ್ಲ,
ಒಂದು ಟ್ರಂಕು ದೆವ್ವ ತಂದ.
ಮೆಕ್ಸಿಕೋದವು, ಮೂರು ಕಾಸಿನವು,
ಅವರ ಊರಲ್ಲೇ ಹೆಸರಿಲ್ಲದವು.
ನಮ್ಮ ಟಿವಿಗೆ ಆ ಕ್ಯಾಸೆಟ್ಟಿನ ಬಣ್ಣ ಒಗ್ಗದು:
ರಕ್ತ ಕಾಡಿಗೆಯಾಗಿ ಹರಿಯುತ್ತದೆ.

ಬಾವಲಿಗೆ ದಾರ ಕಾಣುತ್ತದೆ.
ಸಾವಿರ ವರ್ಷದ ಹೆಣ ಎದ್ದು ಬರುವಾಗ
ಮಣಿಕಟ್ಟಿನಲ್ಲಿ ವಾಚು ಬಿಚ್ಚಿದ ಬಿಳಿ ಗುರುತು.
ಬಾಯಿಗೆ ಬರುವುದು ಪೋರ್ಚುಗೀಸು, ಅವರಾಡುವುದು ಸ್ಪ್ಯಾನಿಶ್ಶು;
ಅರ್ಧ ತಿಳಿದದ್ದನ್ನು ಕೊಂಕಣಿಯಲ್ಲಿ ಹೇಳುತ್ತಾಳೆ,
ಅದರಲ್ಲರ್ಧ ನನ್ನ ತನಕ ಬರುತ್ತದೆ.
ಕಾಲುಪಾಲು ಸಾಕು ಅಂಜಲಿಕ್ಕೆ.

ಹಗ್ಗವನ್ನು ಹಾವೆಂದು ಬೆಚ್ಚಿದವರ ಮಾತು ಕೇಳಿದ್ದೀರಿ.
ನಾವು ಹಗ್ಗ ಕಂಡವರು. ಎಳೆಯುವ ಕೈಯನ್ನೂ ಕಂಡವರು.
ಆದರೂ, ಪಾಪ, ಇಷ್ಟು ಕಷ್ಟಪಟ್ಟಿದ್ದಾರಲ್ಲ ಎಂದು
ಕಾಲು ಮೇಲೆಳೆದುಕೊಂಡು ಕೂರುತ್ತೇವೆ.
ಕೂತಮೇಲೆ ನೋಡಿದರೆ ಕಾಲು ನಿಜವಾಗಿಯೂ ತಣ್ಣಗೆ.

ಒಂದರಲ್ಲಿ ಸ್ಮಶಾನದ ಗೋಡೆ. ರಟ್ಟಿನದು, ಗಾಳಿಗೆ ಅಲುಗುತ್ತದೆ.
ಅದರ ಮೇಲೆ ಒಬ್ಬನ ನೆರಳು.
ಕತೆಯವನಲ್ಲ, ದೀಪ ಹಿಡಿದವನಿರಬೇಕು;
ಕಿವಿ ತುರಿಸಿಕೊಂಡು,
ಯಾರೋ ಗದರಿದ ಹಾಗೆ ತಟ್ಟನೆ ಸರಿಯುತ್ತಾನೆ.
ಆರು ಸೆಕೆಂಡು.
'ಬಂದ,' ಎನ್ನುತ್ತಾಳೆ ಬಾಯಿ, ದೊದೊಲ್ ತಟ್ಟೆ ಕೆಳಗಿಟ್ಟು.
ಅವನೊಬ್ಬನಿಗೋಸ್ಕರ ಎಷ್ಟು ಸಲ ಹಾಕಿಸಿದ್ದಾಳೋ.

ಹೋದ ಮಳೆಗಾಲ ಬೂಸು ಹಿಡಿದ ಟೇಪನ್ನು ಮೆಷಿನ್ನು ಕಚ್ಚಿತು,
ಸರಿಯಾಗಿ ಅಲ್ಲೇ. ಬಾಯಿ ಅಡುಗೆಮನೆಯಲ್ಲಿದ್ದಳು.
ಸುಕ್ಕಾದ ಗೇಣುದ್ದ ಕತ್ತರಿಸಿ, ಅಂಟಿಸಿ, ಸುಮ್ಮನಿದ್ದೆ.

ಮುಂದಿನ ಗುರುವಾರ ಗೋಡೆ ಬಂತು. ಅಲುಗಿತು. ಹೋಯಿತು.
ನಾನು ಅವಳ ಮುಖ ನೋಡಲಿಲ್ಲ.
ಬಂದರಿನಲ್ಲಿ ಯಾವುದೋ ಬಾರ್ಜು ಕೂಗಿತು.
'ಇವತ್ತು ಅವನಿಗೆ ರಜೆ ಇರಬೇಕು, ಫಕೀರ,' ಎಂದಳು.

ಆ ಗೇಣುದ್ದ ಟೇಪು ನನ್ನ ಸ್ಕ್ರೂಗಳ ಡಬ್ಬಿಯಲ್ಲಿದೆ.
ಬೆಳಕಿಗೆ ಹಿಡಿದರೆ ಏನೂ ಕಾಣದು, ಬರೀ ಕಂದು.
ರಾತ್ರಿ ಡಬ್ಬಿ ತಾನಾಗಿ ಗಡಗಡಿಸಿದರೆ
ಅದಿರಿನ ಗೂಡ್ಸು ಗಾಡಿ ಎಂದುಕೊಳ್ಳುತ್ತೇನೆ.